ಕೆಂಚವೀರಪ್ಪನ ಮನೆಯ ಆಯ

ಅವತ್ತಿನ ಎಲ್ಲ ಅನಾಹುತಕ್ಕೂ ಮೂಲ ಒಂದು ಜೊತೆ ಹೊಸ ಮೆಟ್ಟು. ಸ್ವಂತ ಮನೆಯ ಗುದ್ದಲಿ ಪೂಜೆಗೆ ಹೊರಟ ಯಜಮಾನ ಉಂಗುಷ್ಠ ಕಿತ್ತುಹೋದ ಹಳೆಯ ಮೆಟ್ಟು ಎಳೆದುಕೊಂಡು ಹೋದರೆ ನೋಡಿದವರು ಏನಂದಾರು ಎಂದು ಸರ್ವಮಂಗಳಮ್ಮ ಹಿಂದಿನ ಸಂಜೆ ಗಂಡನನ್ನು ಅಂಗಡಿಗೆ ಕರೆದುಕೊಂಡು ಹೋಗಿ ಹೊಸದು ಕೊಡಿಸಿದ್ದಳು. ಮೊದಮೊದಲು ಬಿಗಿ ಇರುತ್ತದೆ, ನಡೆದ ಹಾಗೆ ಸಡಿಲಾಗುತ್ತದೆ ಎಂದ ಅಂಗಡಿಯವ. ಅಂಗಡಿಯವರು ಹೇಳಿದ್ದನ್ನು ನಂಬುವವರು ಇರುವುದರಿಂದಲೇ ಅಂಗಡಿಗಳು ನಡೆಯುವುದು, ಕೆಂಚವೀರಪ್ಪ ಆ ಪೈಕಿಯವನು. ಬೆಳಗ್ಗೆ ಚೌಕಿಪೇಟೆಯ ಮನೆಯಿಂದ ದಾವಣಗೆರೆ ಸ್ಟೇಷನ್ನು ಮುಟ್ಟುವಷ್ಟರಲ್ಲಿ ಮೆಟ್ಟು ಸಡಿಲಾಗಲಿಲ್ಲ, ಹಿಮ್ಮಡಿಯ ಚರ್ಮ ಸಡಿಲಾಗಿತ್ತು.

ಆದರೂ ಅವನು ನಗುತ್ತಲೇ ಕುಂಟುತ್ತಿದ್ದ. ಯಾಕೆಂದರೆ ಅವನು ಹೊರಟಿದ್ದು ಬರೀ ಮನೆ ಕಟ್ಟುವುದಕ್ಕಲ್ಲ, ಉಚ್ಚಂಗೆಪ್ಪನಿಂದ ಬಿಡುಗಡೆ ಹೊಂದುವುದಕ್ಕೆ.

ಉಚ್ಚಂಗೆಪ್ಪ ಎಂದರೆ ಕೆಂಚವೀರಪ್ಪನ ಮನೆ ಮಾಲೀಕ. ಚೌಕಿಪೇಟೆಯ ತನ್ನ ಮನೆಯ ಹಿಂಭಾಗವನ್ನು ಇವರಿಗೆ ಬಾಡಿಗೆಗೆ ಕೊಟ್ಟು ಮುಂಭಾಗದಲ್ಲಿ ತಾನಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆತ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಒಂದು ದಿನ ಜಗಳವಾಡಿ ಗಂಟುಮೂಟೆ ಕಟ್ಟಬಹುದಿತ್ತು. ಆತ ಒಳ್ಳೆಯವನು. ಎದ್ದಾಗಿನಿಂದ ಮಲಗುವ ತನಕ ಒಳ್ಳೆಯವನು, ಕದ ತಟ್ಟದೆ ಒಳಗೆ ಬರುವಷ್ಟು ಒಳ್ಳೆಯವನು. ಒಲೆಯ ಮೇಲಿನ ಸಾರಿನ ಮುಚ್ಚಳ ತೆಗೆದು ಮೂಸಿ ಹುಣಿಸೆಹಣ್ಣು ಸಾಲದು ಎನ್ನುತ್ತಿದ್ದ. ಯಾರಿಗಾದರೂ ಕಾಗದ ಬಂದರೆ ತಾನೇ ಒಡೆದು ಓದಿ, ಗಾಬರಿಯಾಗುವಂಥದ್ದೇನಿಲ್ಲ ಎಂದು ಧೈರ್ಯ ಹೇಳಿ ಕೊಡುತ್ತಿದ್ದ. ಒಮ್ಮೆ ಸರ್ವಮಂಗಳಮ್ಮನ ತವರಿನವರು ಬಂದಾಗ, ನಿಮ್ಮ ಮಗಳಿಗೆ ಮಧ್ಯಾಹ್ನ ನಿದ್ದೆ ಸ್ವಲ್ಪ ಜಾಸ್ತಿ, ರಕ್ತ ಕಡಿಮೆ ಇರಬೇಕು, ತೋರಿಸಿರಿ ಎಂದು ಅಪ್ಪಟ ಕಾಳಜಿಯಿಂದ ಹೇಳಿದ. ಅವತ್ತು ಅವಳು ಅಡಿಗೆಮನೆಯಲ್ಲಿ ಕೂತು ಅತ್ತಳು. ಬರುವ ದೀಪಾವಳಿಯ ದೀಪ ಸ್ವಂತ ಮನೆಯಲ್ಲಿ ಹಚ್ಚುತ್ತೇನೆ, ಇಲ್ಲವಾದರೆ ತವರುಮನೆಯಲ್ಲಿ ಹಚ್ಚುತ್ತೇನೆ ಎಂದು ಗಂಡನಿಗೆ ಕಡ್ಡಿ ಮುರಿದಂತೆ ಹೇಳಿದಳು. ಹೆಂಡತಿ ಹೇಳಿದ್ದನ್ನು ಮಾಡುವ ಹೆಂಗಸು ಎಂಬುದು ಕೆಂಚವೀರಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಕೈಹಿಡಿದವಳು ಗುತ್ತೂರಿನ ಸೋದರತ್ತೆ ಕೊಟ್ರವ್ವ. ಕೆಂಚವೀರಪ್ಪ ಹರಿಹರದ ಕಾರ್ಖಾನೆಯೊಂದರಲ್ಲಿ ಗುಮಾಸ್ತ, ದಿನಾ ದಾವಣಗೆರೆಯಿಂದ ರೈಲಿನಲ್ಲಿ ಓಡಾಡುತ್ತಿದ್ದ. ಹರಿಹರದ ಮಗ್ಗುಲಲ್ಲೇ ಇರುವ ಗುತ್ತೂರಿನಲ್ಲಿ ತನ್ನ ಹೊಲದ ಒಂದು ಮೂಲೆ, ಕಾಲುವೆಗೂ ದಾರಿಗೂ ನಡುವೆ ಇರುವುದು, ತಗೊಂಡು ಕಟ್ಟಿಕೋ ಎಂದಳು ಅತ್ತೆ. ಸದ್ಯಕ್ಕೆ ಬಾಯಿಮಾತು, ಮನೆ ಎದ್ದ ಮೇಲೆ ಬರಹ ಮಾಡಿಕೊಡುತ್ತೇನೆ ಎಂದಳು. ಇಷ್ಟು ಸಾಕಾಯಿತು. ಗಂಡ ಹೆಂಡತಿ ಇಬ್ಬರೂ ಅವತ್ತು ರಾತ್ರಿ ದನಿ ತಗ್ಗಿಸಿ ನಕ್ಕರು. ದನಿ ತಗ್ಗಿಸಿದ್ದು ಯಾಕೆಂದರೆ ಜೋರಾಗಿ ನಕ್ಕರೆ ಏನಾಯಿತು ಎಂದು ಉಚ್ಚಂಗೆಪ್ಪ ಎದ್ದು ಬರುತ್ತಿದ್ದ.

ಮನೆ ಬಿಡುತ್ತೇವೆ ಎಂದು ತಿಳಿಸಿದಾಗ ಉಚ್ಚಂಗೆಪ್ಪನಿಗೆ ಸಿಟ್ಟು ಬರಲಿಲ್ಲ. ಬಾಳ ಸಂತೋಷ ಎಂದ. ಮಾರನೆಯ ದಿನದಿಂದಲೇ ಬಾವಿ ಎಲ್ಲಿರಬೇಕು, ಬಚ್ಚಲು ಎಲ್ಲಿರಬೇಕು ಎಂದು ಹೇಳಲು ಶುರುಮಾಡಿದ. ಗುದ್ದಲಿ ಪೂಜೆಯ ಬೆಳಗ್ಗೆ ಇವರು ಸ್ಟೇಷನ್ನಿಗೆ ಬಂದಾಗ ಆತ ಕೊಡೆ ಹಿಡಿದು, ಟಿಕೆಟ್ಟು ತೆಗೆದುಕೊಂಡು, ಇವರಿಗಿಂತ ಮೊದಲೇ ಬಂದು ನಿಂತಿದ್ದ. ಪಕ್ಕದಲ್ಲಿ ಎದುರು ಮನೆಯ ತೋಟಪ್ಪನೂ ಇದ್ದ. ತೋಟಪ್ಪನಿಗೆ ಮನೆಗಳ ವಿಚಾರ ಏನೂ ಗೊತ್ತಿರಲಿಲ್ಲ, ಸರ್ವಮಂಗಳಮ್ಮನ ಕೈಯಲ್ಲಿದ್ದ ಬುಟ್ಟಿಯಲ್ಲಿ ಹೋಳಿಗೆ ಇರುವುದು ಗೊತ್ತಿತ್ತು. ಬರಬೇಡಿ ಎಂದು ಹೇಳಲು ಕೆಂಚವೀರಪ್ಪನಿಗೆ ಬಾಯಿ ಬರಲಿಲ್ಲ. ಹುಟ್ಟಿದಾಗಿನಿಂದಲೂ ಆ ಬಾಯಿ ಯಾರಿಗೂ ಇಲ್ಲ ಎಂದದ್ದಿಲ್ಲ. ಇದೊಂದು ದಿನ ತಾನೇ, ಆಮೇಲೆ ಈತ ಚೌಕಿಪೇಟೆಯಲ್ಲಿ, ನಾವು ಗುತ್ತೂರಿನಲ್ಲಿ ಎಂದು ಅವನು ಸಮಾಧಾನ ಮಾಡಿಕೊಂಡ.

ರೈಲಿನಲ್ಲಿ ಉಚ್ಚಂಗೆಪ್ಪ ಅಕ್ಕಪಕ್ಕದವರಿಗೆಲ್ಲ ಮನೆಯ ನಕ್ಷೆ ವಿವರಿಸಿದ. ಮಂಡಕ್ಕಿ ತಿನ್ನುತ್ತಿದ್ದ ಹತ್ತಿ ದಲಾಲಿಯೊಬ್ಬ ಬಚ್ಚಲು ಅಲ್ಲಿ ಬೇಡ ಎಂದ. ಮಗುವಿಗೆ ಹಾಲು ಕುಡಿಸುತ್ತಿದ್ದ ಹೆಂಗಸೊಬ್ಬಳು ಒಲೆಯ ದಿಕ್ಕು ಬದಲಿಸಿದಳು. ಹರಿಹರ ಬರುವ ಹೊತ್ತಿಗೆ ಇಡೀ ಡಬ್ಬಿ ಕೆಂಚವೀರಪ್ಪನ ಮನೆಯನ್ನು ಕಟ್ಟಿ ಮುಗಿಸಿ ಸುಣ್ಣ ಹೊಡೆದಿತ್ತು. ಅದರಲ್ಲಿ ಕೆಂಚವೀರಪ್ಪನನ್ನು ಯಾರೂ ಏನೂ ಕೇಳಲಿಲ್ಲ.

ಸ್ಟೇಷನ್ನಿನಿಂದ ಗುತ್ತೂರಿಗೆ ಅತ್ತೆ ಎತ್ತಿನ ಗಾಡಿ ಕಳಿಸಿದ್ದಳು. ಪೂಜೆಯ ಸಾಮಾನು, ಹೋಳಿಗೆ ಬುಟ್ಟಿ, ಸರ್ವಮಂಗಳಮ್ಮ ಹತ್ತಿದ ಮೇಲೆ ಉಳಿದಿದ್ದ ಜಾಗಕ್ಕೆ ವಯಸ್ಸಾದವರು ಎಂದು ಉಚ್ಚಂಗೆಪ್ಪ ಹತ್ತಿದ. ಬುಟ್ಟಿ ಬೀಳದ ಹಾಗೆ ಹಿಡಿದುಕೊಳ್ಳುತ್ತೇನೆ ಎಂದು ತೋಟಪ್ಪ ಹತ್ತಿದ. ಮನೆಯ ಯಜಮಾನ ಗಾಡಿಯ ಹಿಂದೆ ನಡೆದ. ಸ್ವಲ್ಪ ದೂರದಲ್ಲೇ ಹಿಮ್ಮಡಿ ಬೆಂಕಿಯಾಗಿ, ಮೆಟ್ಟು ಕಳಚಿ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ನಡೆದ.

ಹೊಲದ ಬೇವಿನ ಮರದ ಕೆಳಗೆ ಅತ್ತೆ ಕೊಟ್ರವ್ವನ ಜೊತೆ ಇನ್ನಿಬ್ಬರು ಕಾಯುತ್ತಿದ್ದರು. ಒಬ್ಬರು ಊರಿನ ಪೂಜೆ ಪುನಸ್ಕಾರ ಮಾಡಿಸುವ ಅಯ್ನೋರು. ಇನ್ನೊಬ್ಬ ಮನೆ ಕಟ್ಟಬೇಕಾದ ಗೌಂಡಿ ಮೌಲಾ ಸಾಬ್. ಮಾರನೆಯ ದಿನದಿಂದ ಹರಿಹರದಲ್ಲಿ ಬೇರೊಂದು ದೊಡ್ಡ ಕೆಲಸ ಒಪ್ಪಿಕೊಂಡಿದ್ದ ಮೌಲಾ ಸಾಬ್, ಇವತ್ತು ಕಲ್ಲು ಕೂರಿಸಿದರೆ ಇದು ನನ್ನ ಕೆಲಸ, ನಡುನಡುವೆ ಬಂದು ಗೋಡೆ ಎಬ್ಬಿಸುತ್ತೇನೆ, ಇಲ್ಲವಾದರೆ ಮುಂದಿನ ವರ್ಷ ನೋಡೋಣ ಎಂದು ಆಗಲೇ ಹೇಳಿಯಾಗಿತ್ತು. ಅಯ್ನೋರು ಇನ್ನೂ ಗಟ್ಟಿಯಾಗಿ ಹೇಳಿದ್ದರು. ಅವತ್ತು ಗುರುವಾರ, ಮಧ್ಯಾಹ್ನ ರಾಹುಕಾಲ ಹತ್ತುವುದರೊಳಗೆ ಕಲ್ಲು ಕೂರಬೇಕು. ತಪ್ಪಿದರೆ ಆಷಾಢ, ಆಷಾಢ ಕಳೆದರೆ ಹೆಸರಿಗೆ ಕೂಡಿಬರುವ ದಿನವೇ ಇಲ್ಲ.

ಸರ್ಕಾರ ಗಜ ಬಿಟ್ಟು ಮೀಟರು ಹಿಡಿದಿದ್ದ ಹೊಸತು. ಕೆಂಚವೀರಪ್ಪ ಕಾರ್ಖಾನೆಯಿಂದ ಹೊಳೆಯುವ ಹೊಸ ಟೇಪೊಂದನ್ನು ಕೇಳಿಕೊಂಡು ತಂದಿದ್ದ. ಅದನ್ನು ಸರ್ರೆಂದು ಎಳೆದು ತೋರಿಸಿದಾಗ ಕೊಟ್ರವ್ವ ಎರಡು ಹೆಜ್ಜೆ ಹಿಂದೆ ಸರಿದಳು.

"ಇದು ಯಾರ ಪಾದದ ಅಳತೆನಪಾ?" ಎಂದು ಕೇಳಿದಳು.

ಯಾರದ್ದೂ ಅಲ್ಲ ಅತ್ತೆ, ಸರ್ಕಾರದ್ದು ಎಂದ ಕೆಂಚವೀರಪ್ಪ. ಸರ್ಕಾರ ಏನು ನಿನ್ನ ಮನೆಯಲ್ಲಿ ಬಂದು ಇರುತ್ತದೆಯೋ ಎಂದು ಅತ್ತೆ ಟೇಪನ್ನು ಮಡಿಸಿ ಇಡಿಸಿದಳು.

ಮನೆಗೆ ಆಯ ನೋಡುವುದು ಎಂದರೆ ಸುಮ್ಮನೆಯಲ್ಲ. ಯಜಮಾನನ ಬಲಪಾದದ ಉದ್ದಕ್ಕೆ ಸರಿಯಾಗಿ ಒಂದು ಬಿದಿರು ಕೋಲು ಕತ್ತರಿಸಬೇಕು. ಆ ಕೋಲಿನಲ್ಲೇ ಮನೆಯ ಉದ್ದಗಲ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಮನೆಯ ಆಯ. ಒಂದೊಂದು ಶೇಷಕ್ಕೆ ಒಂದೊಂದು ಹೆಸರು. ಧ್ವಜ, ಸಿಂಹ, ಎತ್ತು, ಆನೆ ಬಂದರೆ ಮನೆ ಏಳಿಗೆ. ಹೊಗೆ, ನಾಯಿ, ಕತ್ತೆ, ಕಾಗೆ ಬಂದರೆ ಮನೆಯವರ ಪಾಡೂ ಅವುಗಳ ಪಾಡೇ. ಸರ್ವಮಂಗಳಮ್ಮನಿಗೆ ಇದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳ ಅಣ್ಣ ಆಯ ನೋಡದೆ ಮನೆ ಕಟ್ಟಿ, ಆಮೇಲೆ ಲೆಕ್ಕ ಹಾಕಿಸಿದರೆ ಕತ್ತೆ ಬಂದಿತ್ತು. ಅವತ್ತಿನಿಂದ ಅವನು ಊರವರ ಭಾರವನ್ನೆಲ್ಲ ಹೊರುತ್ತಿದ್ದಾನೆ ಎಂಬುದು ಅವಳ ನಂಬಿಕೆ. ಅವನು ಪಂಚಾಯ್ತಿ ಮೆಂಬರಾಗಿದ್ದ.

ಕೆಂಚವೀರಪ್ಪ ಕಾಲು ತೊಳೆದು ಬಿದಿರಿನ ಮೇಲೆ ಬಲಪಾದ ಇಟ್ಟ. ಮೌಲಾ ಸಾಬ್ ಕೋಲು ಕತ್ತರಿಸಿ ಅಳೆದ. ಅಯ್ನೋರು ಮಣ್ಣಿನ ಮೇಲೆ ಬೆರಳಿನಲ್ಲಿ ಗೀಚಿ ಲೆಕ್ಕ ಹಾಕಿದರು. ಮೊದಲ ಸಲಕ್ಕೇ ಆನೆ ಬಂತು. ಸರ್ವಮಂಗಳಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡಳು. ಮೌಲಾ ಸಾಬ್ ನಾಲ್ಕೂ ಮೂಲೆಗೆ ಗೂಟ ಬಡಿದು ಹಗ್ಗ ಕಟ್ಟಿದ. ಹಗ್ಗದೊಳಗಿನ ಬರೀ ಮಣ್ಣನ್ನು ನೋಡಿ ಕೆಂಚವೀರಪ್ಪನಿಗೆ ಪಡಸಾಲೆ ಕಂಡಿತು, ಅಡಿಗೆಮನೆ ಕಂಡಿತು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕದ ಕಂಡಿತು. ಅವನಿಗೆ ತುಂಬಾ ಸಂತೋಷವಾಯಿತು.

ಇನ್ನು ಪೂಜೆಗೆ ಯಜಮಾನನೇ ಕಾಲುವೆಯಿಂದ ಒಂದು ಕೊಡ ನೀರು ತರಬೇಕು ಎಂದರು ಅಯ್ನೋರು. ಕೆಂಚವೀರಪ್ಪ ಕೊಡ ಹಿಡಿದು ಬರಿಗಾಲಲ್ಲೇ ಹೋದ. ಕಾಲುವೆಯ ದಂಡೆಯ ತುಂಬ ಜಾಲಿ. ನೀರು ತುಂಬಿಕೊಂಡು ತಿರುಗುವಾಗ ಒಂದು ಮುಳ್ಳು ಬಲಪಾದದ ನಟ್ಟನಡುವೆ ಬುಡದ ತನಕ ಹೋಯಿತು. ಅವನು "ಯವ್ವಾ" ಎಂದು ಕೂಗಿದ ಕೂಗಿಗೆ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಯೊಂದು ಬೆದರಿ, ಬಾಲ ಎತ್ತಿಕೊಂಡು ನೇರವಾಗಿ ಹೊಸ ಮನೆಗೆ ನುಗ್ಗಿತು. ಪಡಸಾಲೆಯಿಂದ ಒಳಗೆ ಬಂದು ಅಡಿಗೆಮನೆಯಿಂದ ಹೊರಗೆ ಹೋಗುವಾಗ ಹಗ್ಗವನ್ನೂ ಗೂಟಗಳನ್ನೂ ಕೊರಳಿಗೆ ಸುತ್ತಿಕೊಂಡು ಹೋಯಿತು. ಅಯ್ನೋರ ಲೆಕ್ಕದ ಮೇಲೆ ಗೊರಸು ಊರಿತ್ತು.

ಇಂಥ ಹೊತ್ತಿನಲ್ಲಿ ಸುಮ್ಮನೆ ನಿಲ್ಲುವ ಪೈಕಿ ಉಚ್ಚಂಗೆಪ್ಪ ಅಲ್ಲ. ಆತ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಎಮ್ಮೆಯ ಹಿಂದೆ ಓಡಿ ಬೀಸಿ ಒಗೆದ. ಎಮ್ಮೆಗೆ ತಾಗಲಿಲ್ಲ. ಆತ ಒಗೆದದ್ದು ಅಳತೆಯ ಕೋಲು. ಅದು ಗಾಳಿಯಲ್ಲಿ ಗಿರಗಿರ ತಿರುಗಿ ಕಾಲುವೆಗೆ ಬಿತ್ತು. ಕಾಲುವೆಗೆ ಅವತ್ತೇ ನೀರು ಬಿಟ್ಟಿದ್ದರು. ಕೆಂಚವೀರಪ್ಪನ ಆನೆ ಎಲ್ಲರ ಕಣ್ಣೆದುರಿಗೇ ತೇಲಿಕೊಂಡು ಹೋಯಿತು.

ಹೋಗಲಿ ಬಿಡಿ, ಕೋಲು ಹೋದರೆ ಇನ್ನೊಂದು ಕತ್ತರಿಸಿದರಾಯಿತು, ಪಾದ ಎಲ್ಲಿಗೂ ಹೋಗಿಲ್ಲವಲ್ಲ ಎಂದ ತೋಟಪ್ಪ. ಎಲ್ಲರೂ ಪಾದದ ಕಡೆ ನೋಡಿದರು. ಕೊಟ್ರವ್ವ ಪಿನ್ನಿನಿಂದ ಮುಳ್ಳು ತೆಗೆಯಲು ಹೋಗಿ ಅರ್ಧ ತೆಗೆದು ಅರ್ಧ ಒಳಗೆ ಮುರಿದಿದ್ದಳು. ಮೇಲೆ ಯಾವುದೋ ಸೊಪ್ಪು ಅರೆದು ಕಟ್ಟಿದ್ದಳು. ಹಿಮ್ಮಡಿಯಲ್ಲಿ ಮೆಟ್ಟು ಕಚ್ಚಿದ ಗಾಯ ಬೇರೆ. ಪಾದ ಹುಳಿಬಂದ ದೋಸೆಹಿಟ್ಟಿನ ಹಾಗೆ ನೋಡನೋಡುತ್ತ ಏಳುತ್ತಿತ್ತು.

ಮೌಲಾ ಸಾಬ್ ಆ ಬಾತ ಪಾದಕ್ಕೇ ಹೊಸ ಕೋಲು ಕತ್ತರಿಸಿದ. ಹಳೆಯ ಲೆಕ್ಕ ಹಿಡಿದು ಅಳೆದರೆ ಅಡಿಗೆಮನೆ ಕಾಲುವೆಯೊಳಕ್ಕೆ ಇಳಿಯಿತು. ಉದ್ದದಲ್ಲಿ ಒಂದು ಪಾದ ತಗ್ಗಿಸಿದರು, ಕತ್ತೆ ಬಂತು. ಅಗಲದಲ್ಲಿ ತಗ್ಗಿಸಿದರು, ಕಾಗೆ ಬಂತು. ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಗಂಡನ ಕಾಲನ್ನು ದುರುಗುಟ್ಟಿ ನೋಡುತ್ತಿದ್ದಳು. ಇನ್ನೊಮ್ಮೆ ಸರಿನೋಡೋಣ ಎಂದು ಕೋಲಿನ ಮೇಲೆ ಪಾದ ಇಡಿಸಿದರೆ, ಅಷ್ಟರಲ್ಲಿ ಪಾದ ಕೋಲಿಗಿಂತ ಒಂದು ಬೆರಳು ಮುಂದೆ ಹೋಗಿತ್ತು.

ಕೊಟ್ರವ್ವ ಕೋಲು ಕಿತ್ತುಕೊಂಡಳು. "ಈ ಕಾಲು ಇನ್ನೂ ಬಾಯೋದೈತೆ. ನಾಳೆ ಇಳಿದ ಮ್ಯಾಲೆ ಆ ಮನೆ ಯಾರ ಪಾದದ್ದು ಅಂತೀಯಪಾ? ನನ್ನ ಹೊಲದಾಗೆ ಬಾವಿನ ಅಳತೆ ಮನೆ ಬ್ಯಾಡ."

ಎಡಪಾದ ಚೆನ್ನಾಗಿದೆಯಲ್ಲ ಎಂದ ಕೆಂಚವೀರಪ್ಪ. ಅಯ್ನೋರು ಎರಡೂ ಕಿವಿ ಮುಚ್ಚಿಕೊಂಡು, ಗಂಡಸಿನ ಎಡಪಾದದ ಮಾತನ್ನು ಈ ನೆಲದ ಮೇಲೆ ಆಡಲೇಬಾರದು ಎಂದರು. ಹಾಗಾದರೆ ಇವಳ ಪಾದ ಎಂದು ಅವನು ಹೆಂಡತಿಯ ಕಡೆ ತೋರಿಸಿದ. ಅದಕ್ಕೆ ಅಡ್ಡಿಯಿಲ್ಲ, ಆದರೆ ಆಮೇಲೆ ಮನೆಯಲ್ಲಿ ಆಕೆಯ ಮಾತೇ ನಡೆಯುತ್ತದೆ ಎಂದರು ಅಯ್ನೋರು. ಅದರಲ್ಲಿ ಹೊಸದೇನೂ ಇಲ್ಲ ಎಂದು ಕೆಂಚವೀರಪ್ಪ ತಕ್ಷಣ ಒಪ್ಪಿದ. ಸರ್ವಮಂಗಳಮ್ಮ ಒಪ್ಪಲಿಲ್ಲ. ಇಷ್ಟು ಜನ ಗಂಡಸರ ಮುಂದೆ ಸೀರೆ ಎತ್ತಿ ಪಾದ ಅಳೆಸಿಕೊಳ್ಳಲು ನಾನೇನು ಚಪ್ಪಲಿ ಅಂಗಡಿಗೆ ಬಂದಿದ್ದೇನೆಯೇ ಎಂದಳು.

ಮುಹೂರ್ತ ಜಾರುತ್ತಿತ್ತು. ಮನೆಯವರಲ್ಲದಿದ್ದರೂ ಮನೆಯ ಹಿತ ಬಯಸುವವರ ಪಾದವಾದರೆ ನಡೆಯುತ್ತದೆ ಎಂದು ಅಯ್ನೋರು ಒಂದು ಕಿಂಡಿ ತೆರೆದರು. ತೋಟಪ್ಪ ಮುಂದೆ ಬಂದು ಪಾದ ಕೊಟ್ಟ. ನಾಯಿ ಬಂತು. ಮತ್ತೆ ಅಳೆದರು, ಮತ್ತೆ ನಾಯಿ. ತೋಟಪ್ಪನಿಗೆ ಅವಮಾನವಾಗಿ ಹೋಳಿಗೆ ಬುಟ್ಟಿಯ ಪಕ್ಕ ಹೋಗಿ ಕೂತ.

ಕೋಲು ಕಳೆದ ತಪ್ಪು ಉಚ್ಚಂಗೆಪ್ಪನನ್ನು ಚುಚ್ಚುತ್ತಿತ್ತು. ಈಗ ಸದ್ದಿಲ್ಲದೆ ಹೋಗಿ ಕಾಲುವೆಯಲ್ಲಿ ಕಾಲು ತೊಳೆದು ಬಂದು, ನನ್ನ ಕೈಯಿಂದ ಕೋಲು ಹೋಯಿತು, ನನ್ನ ಕಾಲಿನಿಂದ ಬರಲಿ ಎಂದು ಬಿದಿರಿನ ಮೇಲೆ ಬಲಪಾದ ಇಟ್ಟ. ಅಗಲವಾದ, ಚಪ್ಪಟೆಯಾದ, ಒಂದು ಬಿರುಕೂ ಇಲ್ಲದ ಪಾದ. ಮೌಲಾ ಸಾಬ್ ಅಳೆದ. ಅಡಿಗೆಮನೆ ನೆಲದ ಮೇಲೇ ನಿಂತಿತು, ದಾರಿಯ ಕಡೆಗೆ ಅಂಗಳವೂ ಉಳಿಯಿತು. ಅಯ್ನೋರು ಲೆಕ್ಕ ಹಾಕಿ ತಲೆ ಎತ್ತಿದರು.

"ಸಿಂಹ" ಎಂದರು.

ಸರ್ವಮಂಗಳಮ್ಮ ಕೈ ಮುಗಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ಕೆಂಚವೀರಪ್ಪನಿಗೆ ಉಚ್ಚಂಗೆಪ್ಪನ ಮೇಲೆ ನಿಜವಾಗಿ ಪ್ರೀತಿ ಹುಟ್ಟಿತು. ಹೋಗುವವರಿಗೆ ಕೊನೆಯದಾಗಿ ಒಂದು ಉಪಕಾರ ಮಾಡಿ ಕಳಿಸುತ್ತಿದ್ದಾನೆ, ದೊಡ್ಡ ಮನುಷ್ಯ ಎಂದುಕೊಂಡ. ಗೂಟ ಬಡಿದದ್ದಾಯಿತು, ಹಗ್ಗ ಕಟ್ಟಿದ್ದಾಯಿತು, ಒಂಟಿಕಾಲಲ್ಲಿ ನಿಂತು ಅವನು ಗುದ್ದಲಿ ಹಾಕಿದ್ದೂ ಆಯಿತು. ರಾಹುಕಾಲ ಹತ್ತುವ ಮೊದಲೇ ಮೌಲಾ ಸಾಬ್ ಈಶಾನ್ಯ ಮೂಲೆಯಲ್ಲಿ ಕಲ್ಲು ಕೂರಿಸಿ ಗಾರೆ ಮೆತ್ತಿ ಕೈ ತೊಳೆದುಕೊಂಡ.

ಬೇವಿನ ಮರದ ನೆರಳಿನಲ್ಲಿ ಊಟಕ್ಕೆ ಕೂತರು. ಕೊಟ್ರವ್ವ ತಾನೇ ಬಡಿಸಲು ನಿಂತಳು. ಎಲ್ಲರಿಗೂ ಒಂದೊಂದು ಹೋಳಿಗೆ ಹಾಕಿದವಳು ಉಚ್ಚಂಗೆಪ್ಪನ ಎಲೆಗೆ ಎರಡು ಹಾಕಿ ಮೇಲೆ ತುಪ್ಪ ಸುರಿದು ಕೇಳಿದಳು.

"ಯಜಮಾನ್ರೆ, ನಿಮ್ಮ ಸಾಮಾನು ಸರಂಜಾಮು ಬಾಳ ಐತೇನ್ರಿ? ಒಂದು ಗಾಡಿ ಸಾಕಾಗ್ತೈತಾ?"

ಅತ್ತೆಗೆ ವಯಸ್ಸಾಯಿತು, ಬಾಡಿಗೆದಾರ ಯಾರು ಮಾಲೀಕ ಯಾರು ಎಂದು ತಿಳಿಯಲಿಲ್ಲ ಎಂದುಕೊಂಡ ಕೆಂಚವೀರಪ್ಪ. ಸಾಮಾನು ಸಾಗಿಸಬೇಕಾದವರು ನಾವು, ಅವರು ಚೌಕಿಪೇಟೆಯಲ್ಲೇ ಇರುತ್ತಾರೆ ಎಂದು ತಿದ್ದಿದ. ಕೊಟ್ರವ್ವ ಬಡಿಸುವ ಕೈ ನಿಲ್ಲಿಸಿ ಅಯ್ನೋರ ಮುಖ ನೋಡಿದಳು. ಅಯ್ನೋರು ಬಾಯೊಳಗಿನ ಹೋಳಿಗೆಯನ್ನು ನಿಧಾನವಾಗಿ ಇಳಿಸಿ ವಿಷಯ ಬಿಡಿಸಿ ಹೇಳಿದರು. ಆಯ ಯಾರ ಪಾದದ್ದೋ ಅವರು ಆ ಮನೆಯಲ್ಲಿ ವಾಸ ಇರಬೇಕು. ಇದು ಹಸುಗೂಸಿಗೂ ಗೊತ್ತಿರುವ ಮಾತು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ ಯಾರೂ ಕೇಳಲಿಲ್ಲ, ರಾಹುಕಾಲ ಬೇರೆ ಬರುತ್ತಿತ್ತು.

"ಸಿಂಹಕ್ಕೆ ಅದರ ಒಡೆಯನ ಪಾದ ಗೊತ್ತಿರ್ತೈತೆ ನೋಡ್ರಿ. ಆ ಪಾದ ಮನ್ಯಾಗೆ ಓಡಾಡ್ತಿದ್ರೆ ಸಿಂಹ ಬಾಗಿಲು ಕಾಯ್ತೈತೆ. ಇಲ್ಲಂದ್ರೆ..."

"ಇಲ್ಲಂದ್ರೆ ಏನಾಗ್ತೈತ್ರಿ ಅಯ್ನೋರೆ?" ಎಂದಳು ಸರ್ವಮಂಗಳಮ್ಮ.

"ಹಸಿದ ಸಿಂಹ ಏನು ಮಾಡ್ತೈತ್ರಿ ತಾಯಿ?" ಎಂದು ಅಯ್ನೋರು ಇನ್ನೊಂದು ಹೋಳಿಗೆಗೆ ಕೈ ಚಾಚಿದರು.

ಕೆಂಚವೀರಪ್ಪನ ಬಾಯಿಯ ತುತ್ತು ಬಾಯಲ್ಲೇ ಉಳಿಯಿತು. ಅವನು ಮೌಲಾ ಸಾಬ್‌ನ ಕಡೆ ತಿರುಗಿ, ಬಾವು ಇಳಿದ ಮೇಲೆ ಕಲ್ಲು ಎಬ್ಬಿಸಿ ಮತ್ತೆ ಅಳೆಯಬಹುದೇ ಎಂದು ಸಣ್ಣ ದನಿಯಲ್ಲಿ ಕೇಳಿದ. ಮೌಲಾ ಸಾಬ್ ಊಟದ ಕೈಯನ್ನೇ ಅಡ್ಡ ಆಡಿಸಿದ. ಕೂತ ಕಲ್ಲು ಎಬ್ಬಿಸಿದ ಗೌಂಡಿಗೆ ಆಮೇಲೆ ಯಾರೂ ಕೆಲಸ ಕೊಡುವುದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿರಿ ಎಂದ.

ಆದರೆ ಅಷ್ಟರಲ್ಲಿ ಕೆಂಚವೀರಪ್ಪನ ಪುಣ್ಯಕ್ಕೆ ಉಚ್ಚಂಗೆಪ್ಪನೇ ಒಪ್ಪಲಿಲ್ಲ. "ಅದೆಂಗೆ ಬರಾಕಾಗ್ತೈತ್ರಿ? ಚೌಕಿಪೇಟೆಯಾಗೆ ಅಂಥ ಮನೆ ಇಟ್ಕೊಂಡು ಇನ್ನೊಬ್ಬರ ಮನ್ಯಾಗೆ ಹೋಗಿ ಬಿದ್ದಿರು ಅಂದ್ರೆ? ನನ್ನ ಕೈಲಾಗಲ್ಲ, ಬ್ಯಾಡ" ಎಂದ. ಆ ಮಾತು ಕೆಂಚವೀರಪ್ಪನ ಕಿವಿಗೆ ಹೋಳಿಗೆಗಿಂತ ಸಿಹಿಯಾಗಿತ್ತು. ಹಿರಿಯರು ಬೇಡ ಎಂದ ಮೇಲೆ ಒತ್ತಾಯ ಮಾಡಬಾರದು, ಅವರಿಗೆ ಅಲ್ಲಿ ಸ್ನೇಹಿತರಿದ್ದಾರೆ, ಅಭ್ಯಾಸದ ಜಾಗ ಎಂದು ಹಿಂದೆಂದೂ ಇಲ್ಲದ ಧೈರ್ಯದಿಂದ ಹೇಳಿದ. ಹೇ ಉಚ್ಚಂಗೆಪ್ಪ, ಒಮ್ಮೆ ಬ್ಯಾಡ ಅಂದದ್ದಕ್ಕೆ ಗಟ್ಟಿಯಾಗಿ ನಿಲ್ಲು ಮಾರಾಯ ಎಂದು ಮನಸ್ಸಿನಲ್ಲೇ ಕೈ ಮುಗಿದ.

ಕೊಟ್ರವ್ವ ಬಡಿಸುವ ಪಾತ್ರೆಯನ್ನು ನೆಲಕ್ಕೆ ಇಟ್ಟಳು. "ಕೇಳೋ ಕೆಂಚೀರ. ಒಡೆಯ ಇಲ್ಲದ ಸಿಂಹಾನ ನನ್ನ ಹೊಲದಾಗೆ ಬಿಟ್ಟು ಹೋಗ್ತೀನಿ ಅಂದ್ರೆ ನಾನು ಸುಮ್ಕಿರಂಗಿಲ್ಲ. ನನ್ನ ದನ ಕರ ಅದಾವೆ. ಇವ್ರು ಬಂದು ಇರ್ತಾರೋ, ಮನೆ ಏಳ್ತೈತೆ. ಇವ್ರು ಬರಲ್ಲೋ, ಈ ಮೂಲೆ ನನ್ನದು, ಜೋಳ ಬಿತ್ತಿಸ್ತೀನಿ."

ಕೆಂಚವೀರಪ್ಪ ಹೆಂಡತಿಯ ಕಡೆ ನೋಡಿದ. ಉಚ್ಚಂಗೆಪ್ಪನ ಕಾಟಕ್ಕೆ ಅತ್ತವಳು ಅವಳು, ಅವಳಾದರೂ ಬೇಡ ಎಂದಾಳು ಎಂಬ ಕೊನೆಯ ಆಸೆ. ಸರ್ವಮಂಗಳಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಉಚ್ಚಂಗೆಪ್ಪನ ಜೊತೆ ಬದುಕುವುದು ಎಷ್ಟು ಕಷ್ಟ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೆ ಹಸಿದ ಸಿಂಹದ ಜೊತೆ ಬದುಕುವುದು ಅದಕ್ಕಿಂತ ಕಷ್ಟವಲ್ಲವೇ. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಗಂಡನ ಪಕ್ಕೆಗೆ ತಿವಿದಳು. "ಕೇಳ್ಕೊಳ್ರಿ ಅವ್ರನ್ನ" ಎಂದಳು. "ಪಡಸಾಲೆ ಪಕ್ಕದ ಕೋಣೆ ಕೊಟ್ರಾಯ್ತು."

ಹೀಗೆ ಕೆಂಚವೀರಪ್ಪ ಉಚ್ಚಂಗೆಪ್ಪನನ್ನು ತನ್ನ ಮನೆಗೆ ಬಾ ಎಂದು ಬೇಡಿಕೊಳ್ಳಲು ಶುರುಮಾಡಿದ. ಮೊದಲ ಸಲ ಎಷ್ಟು ಮೆಲ್ಲಗೆ ಕೇಳಿದನೆಂದರೆ ಉಚ್ಚಂಗೆಪ್ಪನಿಗೆ ಕೇಳಿಸಲಿಲ್ಲ. ಹೆಂಡತಿ ಮತ್ತೆ ತಿವಿದಳು. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ ಕೇಳಿದ. ಉಚ್ಚಂಗೆಪ್ಪ ಬ್ಯಾಡ, ನಿಮಗೆ ತೊಂದರೆ ಎಂದ. ತೊಂದರೆ ಏನಿಲ್ಲ ಎಂದು ಕೆಂಚವೀರಪ್ಪನೇ ಹೇಳಬೇಕಾಯಿತು. ನಾನು ವಯಸ್ಸಾದವನು, ಬಾಯಿ ಸುಮ್ಮನಿರುವುದಿಲ್ಲ ಎಂದ ಉಚ್ಚಂಗೆಪ್ಪ. ನಿಮ್ಮ ಮಾತು ಕೇಳದಿದ್ದರೆ ನಮಗೆ ಹೊತ್ತು ಹೋಗುವುದಿಲ್ಲ ಎಂದ ಕೆಂಚವೀರಪ್ಪ. ತೋಟಪ್ಪ ಹೋಳಿಗೆ ಅಗಿಯುತ್ತ, ಅಷ್ಟು ಕರೆಯುತ್ತಿದ್ದಾರೆ, ಒಪ್ಪಿಕೊಳ್ಳಿರಿ ಎಂದು ತನ್ನದೂ ಒಂದು ಮಾತು ಸೇರಿಸಿದ.

ಉಚ್ಚಂಗೆಪ್ಪನ ಕಣ್ಣು ನಿಜವಾಗಿಯೂ ಒದ್ದೆಯಾಯಿತು. ಹೆಂಡತಿ ಹೋದ ಮೇಲೆ ನನ್ನನ್ನು ಮನೆಗೆ ಬಾ ಎಂದು ಹೀಗೆ ಒತ್ತಾಯ ಮಾಡಿದವರು ನೀವೊಬ್ಬರೇ ಎಂದ. ಆ ಕ್ಷಣ ಕೆಂಚವೀರಪ್ಪನಿಗೆ ಪಾಪ ಅನಿಸಿತು. ಅನಿಸಿದ್ದು ಒಂದು ಕ್ಷಣ ಮಾತ್ರ, ಯಾಕೆಂದರೆ ಆಗಲೇ ಉಚ್ಚಂಗೆಪ್ಪ ಎದ್ದು ಹಗ್ಗದೊಳಕ್ಕೆ ಹೋಗಿ ತನ್ನ ಕೋಣೆಯ ಜಾಗದಲ್ಲಿ ನಿಂತಿದ್ದ. ದಾರಿಯ ಕಡೆಗೆ ಒಂದು ಕಿಟಕಿ, ಅಡಿಗೆಮನೆಯ ಕಡೆಗೂ ಒಂದು ಕಿಟಕಿ ಇರಲಿ, ಎರಡೂ ಕಡೆ ನೋಡಿಕೊಳ್ಳುವವರು ಒಬ್ಬರು ಬೇಕು ಎಂದು ಮೌಲಾ ಸಾಬ್‌ಗೆ ತೋರಿಸುತ್ತಿದ್ದ. ಮೌಲಾ ಸಾಬ್ ತಲೆಯಾಡಿಸುತ್ತಿದ್ದ. ಚೌಕಿಪೇಟೆಯ ಮನೆಯನ್ನು ಇಡಿಯಾಗಿ ಬಾಡಿಗೆಗೆ ಕೊಟ್ಟುಬಿಡುತ್ತೇನೆ, ಇನ್ನು ನನಗೆ ಅಲ್ಲೇನು ಕೆಲಸ ಎಂದೂ ಸೇರಿಸಿದ.

ಆಮೇಲೆ ಅಡಿಗೆಮನೆಯ ಜಾಗದಲ್ಲಿ ನಿಂತುಕೊಂಡೇ ಎಲ್ಲರ ಕಡೆ ತಿರುಗಿದ.

"ಕೆಂಚವೀರಪ್ನೋರೆ, ಒಂದು ಮಾತು ನಾಲ್ಕು ಜನರ ಮುಂದೆ ಈಗ್ಲೇ ಹೇಳಿಬಿಡ್ತೀನಿ. ಆಮೇಲೆ ನಿಮ್ಮ ಮನಸ್ನಾಗೆ ಅಳುಕು ಇರಬಾರದು. ಈ ಮನ್ಯಾಗೆ ಇರಾಕೆ ನಾನು ನಿಮ್ಮ ಹತ್ರ ಬಾಡಿಗೆ ಅಂತ ಒಂದು ಪೈಸೆ ಸೈತ ತಗೊಳ್ಳಂಗಿಲ್ಲ. ನೀವು ಇಲ್ಲಿ ಆರಾಮಾಗಿರ್ರಿ."

ಈ ಕಾಲದಲ್ಲಿ ಇಂಥವರೂ ಇದ್ದಾರಲ್ಲ ಎಂದರು ಅಯ್ನೋರು. ಚೌಕಿಪೇಟೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ ಎಂದ ತೋಟಪ್ಪ. ಸರ್ವಮಂಗಳಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನೋಡ್ತಾ ನಿಂತ್ಯಲ್ಲೋ" ಎಂದಳು ಕೊಟ್ರವ್ವ. "ಕಾಲಿಗೆ ಬೀಳು."

ಕೆಂಚವೀರಪ್ಪ ಬಾತ ಕಾಲನ್ನು ಎಳೆದುಕೊಂಡು ಹಗ್ಗ ದಾಟಿ ಒಳಗೆ ಹೋದ. ಮಂಡಿ ಮಡಿಸಲು ಆಗದೆ ಒಂದು ಕೈ ನೆಲಕ್ಕೆ ಊರಿ ಬಗ್ಗಿದ. ಉಚ್ಚಂಗೆಪ್ಪ ಅವನಿಗೆ ಕಷ್ಟವಾಗದಿರಲಿ ಎಂದು ಬಲಗಾಲನ್ನು ಸ್ವಲ್ಪ ಮುಂದಕ್ಕೆ ಇಟ್ಟ.